ಕೆಗ್ಗಿನ ಹೊಟ್ಟೆಯಲ್ಲಿ ಕಲ್ಲು

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರ ಗ್ಯಾರೇಜಿನಲ್ಲಿ ಮೊಣಕಾಲಿಗಿಂತ ತುಸು ಎತ್ತರದ ಸ್ಟೀಲ್ ಪೀಪಾಯಿಯೊಂದು ಕಾಣಸಿಗುತ್ತದೆ. ಹೆಸರು ಕಾರ್ನೀಲಿಯಸ್ ಕೆಗ್, ಸುಮಾರು 19 ಲೀಟರ್ ಹಿಡಿಯುತ್ತದೆ. ಇದು ಹುಟ್ಟಿದ್ದು ಬಿಯರಿಗಾಗಿ ಅಲ್ಲ. ಪೆಪ್ಸಿ, ಕೋಕಾಕೋಲಾಗಳನ್ನು ಹೋಟೆಲುಗಳಿಗೆ ಸಾಗಿಸಲು. ಆ ಕಂಪನಿಗಳು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾದ ಮೇಲೆ ಕೆಗ್ಗುಗಳು ಗುಜರಿ ಬೆಲೆಗೆ ಬಂದವು. ಮನೆಯಲ್ಲಿ ಬಿಯರ್ ತಯಾರಿಸಲು ಅನುಮತಿಸಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಬಲ ಪಡೆದಿದ್ದ ಮನೆಬಿಯರಿನವರು ಅವನ್ನು ಬಾಚಿಕೊಂಡರು.

ಇದರ ಮುಚ್ಚಳ ಮೊಟ್ಟೆಯಾಕಾರದ್ದು. ಓರೆ ಮಾಡಿ ಒಳಗಿಳಿಸಿ, ಮೇಲಕ್ಕೆಳೆದು ಕೂರಿಸಬೇಕು. ಒಳಗಿನ ಅನಿಲ ಒತ್ತಿದಷ್ಟೂ ಬಿಗಿ. ಒತ್ತಡ ಪೂರ್ತಿ ಬಿಡದೆ ಇದನ್ನು ತೆಗೆಯಲು ಹೋಗಬಾರದು. ತೆಗೆದರೆ ಕೈ ತೂರಿಸಿ ಉಜ್ಜುವಷ್ಟು ಬಾಯಿ ಸಿಗುತ್ತದೆ. ಆದರೆ ಕೊಳೆ ಕೂರುವುದು ಕೈಗೆಟಕದ ಕಡೆ: ಬಿಯರನ್ನು ತಳದಿಂದ ಮೇಲೆತ್ತುವ ಉದ್ದ ಕೊಳವೆಯ ಒಳಮೈ, ಅದರ ತಲೆಯ ಸಣ್ಣ ಸ್ಪ್ರಿಂಗ್ ವಾಲ್ವು, ರಬ್ಬರ್ ಬಳೆಗಳ ಸಂದು. ಹೊರಗೆ ಫಳಫಳ ಹೊಳೆಯುವ ಕೆಗ್ಗನ್ನು ನಾನಂತೂ ನಂಬುವುದಿಲ್ಲ.

ಕೊಳೆಯಲ್ಲಿ ಎರಡು ಜಾತಿ. ಯೀಸ್ಟಿನ ಗಸಿ, ಪ್ರೋಟೀನು, ಹಾಪ್ಸ್ ಹೂವಿನ ಅಂಟು ಒಂದು. ಇದಕ್ಕೆ ಕ್ಷಾರ ಬೇಕು. ಸೋಡಿಯಂ ಪರ್ಕಾರ್ಬೊನೇಟನ್ನು ಬಿಸಿನೀರಿಗೆ ಹಾಕಿದರೆ ವಾಷಿಂಗ್ ಸೋಡಾ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಹೊರಬಂದು ಅಂಟನ್ನು ಸಡಿಲಿಸುತ್ತವೆ. ಇನ್ನೊಂದು ‘ಬಿಯರ್ ಕಲ್ಲು’: ಗೋಡೆಗೆ ಕಚ್ಚುವ ಒರಟು ಪೊರೆ. ಮುಖ್ಯವಾಗಿ ಕ್ಯಾಲ್ಸಿಯಂ ಆಕ್ಸಲೇಟ್. ಕೆಸುವಿನೆಲೆ ತಿಂದಾಗ ಗಂಟಲು ಕೆರೆಯುವುದೂ ಇದರ ಸೂಜಿಗಳಿಂದಲೇ. ಸೋಡಾಕ್ಕೆ ಇದು ಬಗ್ಗದು, ಆಮ್ಲ ಬೇಕು. ಜಿಡ್ಡಿಗೆ ಬೂದಿ, ಕಿಲುಬಿಗೆ ಹುಣಸೆಹುಳಿ ಎಂದು ಪಾತ್ರೆ ತಿಕ್ಕಿದ ನಮ್ಮ ಅಜ್ಜಿಯರಿಗೆ ಈ ರಸಾಯನಶಾಸ್ತ್ರ ಹೊಸದೇನಲ್ಲ.

ಬ್ಲೀಚಿಂಗ್ ದ್ರಾವಣ ಮಾತ್ರ ಬೇಡ. ಸ್ಟೀಲನ್ನು ತುಕ್ಕಿನಿಂದ ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಕ್ಲೋರಿನ್ ಅದನ್ನು ಕೊರೆದು ಗುಳಿ ಮಾಡುತ್ತದೆ. ಗುಳಿಯಲ್ಲಿ ಬ್ಯಾಕ್ಟೀರಿಯಾ ಮನೆಮಾಡುತ್ತವೆ.

ತೊಳೆದದ್ದಾಯಿತು, ಸೂಕ್ಷ್ಮಜೀವಿಗಳ ಕೆಲಸ ಬಾಕಿ. ಆಲ್ಕೋಹಾಲು, ಹಾಪ್ಸ್, ಹುಳಿ ಇರುವ ಬಿಯರಿನಲ್ಲಿ ರೋಗಾಣುಗಳು ಬದುಕುವುದು ಕಷ್ಟ. ರುಚಿ ಕೆಡಿಸುವ ಪೀಡಿಯೊಕಾಕಸ್ ಥರದವು ಬದುಕುತ್ತವೆ. ಅದು ಸೇರಿದರೆ ಬಿಯರು ಬೆಣ್ಣೆ ನಾರುತ್ತದೆ. ಅದಕ್ಕೇ ಫಾಸ್ಫರಿಕ್ ಆಮ್ಲದ ನೊರೆದ್ರಾವಣ. ಕೆಗ್ಗಿನ ತುಂಬ ಅದನ್ನೇ ತುಂಬಿ, ಕಾರ್ಬನ್ ಡೈಆಕ್ಸೈಡ್ ಒತ್ತಿ ಕೊಳವೆಯ ಮೂಲಕ ಹೊರದಬ್ಬುತ್ತಾರೆ. ಕೊಳವೆಯೂ ಶುದ್ಧ, ಬಿಯರನ್ನು ಹಳಸಿಸುವ ಆಮ್ಲಜನಕವೂ ಹೊರಗೆ. ಸರಿಯಾದ ಅಳತೆಯಲ್ಲಿ ಬೆರೆಸಿದ್ದರೆ ಉಳಿದ ನೊರೆಯನ್ನು ತೊಳೆಯಬೇಕಿಲ್ಲ.

ಹಳೆಯ ಸೋಡಾ ಕೆಗ್ ಕೊಂಡವರು ಮೊದಲು ರಬ್ಬರ್ ಬಳೆಗಳನ್ನು ಬದಲಾಯಿಸಿ. ವರ್ಷಗಟ್ಟಲೆ ಹೀರಿಕೊಂಡ ರೂಟ್ ಬಿಯರ್ ಎಂಬ ತಂಪು ಪಾನೀಯದ ವಾಸನೆ ಯಾವ ಸೋಪಿಗೂ ಜಗ್ಗುವುದಿಲ್ಲ.