ಎಮರ್ಜೆನ್ಸಿಗೆ ಮತ್ತೆ ಮತ್ತೆ ಬರೋದು ಯಾಕೆ?

ಇವತ್ತಿನ ಮಾತು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಿಂದ.

ಪ್ರತಿ ಆಸ್ಪತ್ರೆಯ ತುರ್ತು ವಿಭಾಗದಲ್ಲೂ ಕೆಲವು ಪರಿಚಿತ ಮುಖಗಳಿರುತ್ತವೆ. ತಿಂಗಳಲ್ಲಿ ಮೂರ್ನಾಲ್ಕು ಸಲ ಬರೋರು. ನಮ್ಮ ದೊಡ್ಡಪ್ಪ ಅವರಲ್ಲೊಬ್ಬರು. ಮೈನ್ಸ್‌ನಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡಿದವರು. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟೋದು, ಆಟೊ ಹಿಡಿದು ಓಡೋದು, ನೆಬ್ಯುಲೈಸರ್ ಹಾಕಿಸ್ಕೊಂಡು ಬೆಳಗಾಗೋ ಹೊತ್ತಿಗೆ ಮನೆ. ಒಂದ್ಸಲ 'ಇವರಿಗೆ ಇದೇ ಅಭ್ಯಾಸ' ಅಂತ ಯಾರೋ ಅಂದದ್ದು ಅವರ ಕಿವಿಗೆ ಬಿತ್ತು. ಮುಂದಿನ ಸಲ ಅವರು ನಮ್ಮನ್ನ ಎಬ್ಬಿಸಲೇ ಇಲ್ಲ. ಬೆಳಗ್ಗೆ ನೋಡಿದ್ರೆ ತುಟಿ ನೀಲಿಗಟ್ಟಿತ್ತು. ಪುಣ್ಯಕ್ಕೆ ಉಳಿದುಕೊಂಡರು.

ಅದು ಅಭ್ಯಾಸ ಅಲ್ಲ. ಇಲ್ಲಿನ ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಅದನ್ನ ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆ ಮಾಡುತ್ತೆ. ಅದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದೇ ಕೋಲಾರದ ಈ ಗಣಿಗಳಿಂದ, 1947ರಲ್ಲಿ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಮೊದಲಿನ ಹಾಗೆ ಮಾಡೋ ಔಷಧಿ ಇಲ್ಲ. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿತು, ಕಂಪನಿ ಆಸ್ಪತ್ರೆಯೂ ಮುಚ್ಚಿತು. ಎದೆಯೊಳಗಿನ ಧೂಳು ಮಾತ್ರ ಉಳೀತು. ಗಾಳಿ ಬೀಸಿದರೆ ಸೈನೈಡ್ ದಿಬ್ಬಗಳ ಧೂಳು ಬೇರೆ.

ತುರ್ತು ವಿಭಾಗ ಆ ರಾತ್ರಿಯ ಉಸಿರನ್ನ ಉಳಿಸುತ್ತೆ. ಮುಂದಿನ ರಾತ್ರಿ ತೀರ್ಮಾನವಾಗೋದು ಮನೆಯಲ್ಲಿ. ಇನ್‌ಹೇಲರ್ ಖಾಲಿಯಾಗಿತ್ತಾ? ಅದನ್ನ ಸರಿಯಾಗಿ ಎಳ್ಕೊಳ್ಳೋಕೆ ಯಾರಾದರೂ ಹೇಳಿಕೊಟ್ಟಿದ್ದಾರಾ? ಒಲೆಯ ಹೊಗೆ ಇದೆಯಾ? ಕಫದ ಪರೀಕ್ಷೆ ಆಗಿದೆಯಾ? ಯಾಕಂದ್ರೆ ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಅಪಾಯ ಹೆಚ್ಚು.

ಇದಕ್ಕೆ ಸುಲಭದ ದಾರಿ ಇದೆ ಅಂತ ನಾನು ಹೇಳಲ್ಲ. ಪದೇ ಪದೇ ಆಸ್ಪತ್ರೆ ಸೇರುವ ರೋಗಿಗಳ ಮನೆಗೇ ಹೋಗಿ ನೆರವಾದ ಅಮೆರಿಕದ ಕ್ಯಾಮ್ಡೆನ್ ಊರಿನ ಯೋಜನೆ ಭಾರಿ ಹೆಸರು ಮಾಡಿತ್ತು. 2020ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ, 180 ದಿನದೊಳಗೆ ಮತ್ತೆ ದಾಖಲಾದವರು ನೆರವು ಸಿಕ್ಕವರಲ್ಲೂ ಸಿಗದವರಲ್ಲೂ ಹೆಚ್ಚುಕಮ್ಮಿ ಶೇ 62. ಬಡತನ, ಹಳೇ ಕಾಯಿಲೆ ಆರು ತಿಂಗಳಲ್ಲಿ ಕರಗಲ್ಲ. ಹಾಗಂತ ಬಂದವರನ್ನ ಗದರಿಸಿದರೂ ಕರಗಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಒಂದು ಪುಟ್ಟ ನೋಟ್‌ಬುಕ್ ಇಡಿ. ಯಾವಾಗ ಉಸಿರು ಕಟ್ಟಿತು, ಅದಕ್ಕೂ ಮುಂಚೆ ಏನಾಗಿತ್ತು, ಬರೆದು ಡಾಕ್ಟರಿಗೆ ತೋರಿಸಿ. ಗಣಿಯಲ್ಲಿ ಎಷ್ಟು ವರ್ಷ ದುಡಿದರು ಅನ್ನೋದನ್ನೂ ಹೇಳಿ. ತುಟಿ ನೀಲಿಯಾದರೆ, ಮಾತಾಡೋಕೂ ಉಸಿರು ಸಾಲದಿದ್ದರೆ, ಎಷ್ಟನೇ ಸಲ ಅಂತ ಎಣಿಸಬೇಡಿ. 108ಕ್ಕೆ ಫೋನ್ ಮಾಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.