ನಿಮಗಿದು ಗೊತ್ತೇ? ಕೂರ್ಸ್ ಬಿಯರಿಗೆ ಅಷ್ಟು ಹವಾ ಯಾಕಿತ್ತು?

● ಕೊಲರಾಡೊದಲ್ಲಿ ಅದು ಮಾಮೂಲಿ ಬಿಯರ್. ಜಾರ್ಜಿಯಾದಲ್ಲಿ ಕದ್ದುಮುಚ್ಚಿ ತರಿಸಿಕೊಳ್ಳುವ ಮಾಲು. 1970ರ ದಶಕದ ಅಮೆರಿಕದಲ್ಲಿ ಕೂರ್ಸ್ ಬ್ಯಾಂಕ್ವೆಟ್ ಎಂಬ ಲಾಗರ್‌ನ ಸ್ಥಿತಿ ಇದು. 50 ರಾಜ್ಯಗಳ ದೇಶದಲ್ಲಿ ಅದು ಸಿಗುತ್ತಿದ್ದುದು ಪಶ್ಚಿಮದ 11 ರಾಜ್ಯಗಳಲ್ಲಿ ಮಾತ್ರ. ಅಷ್ಟರಲ್ಲೇ ವ್ಯಾಪಾರ ಮಾಡಿಕೊಂಡು ದೇಶದ ಮೊದಲ ಐದು ದೊಡ್ಡ ಬಿಯರ್ ಕಂಪನಿಗಳಲ್ಲಿ ಒಂದಾಗಿತ್ತು.

● ಹುಟ್ಟೂರು ಗೋಲ್ಡನ್. ಡೆನ್ವರ್ ಪಕ್ಕದ, ಬೆಟ್ಟದ ಬುಡದ ಪುಟ್ಟ ಪಟ್ಟಣ. ಸಮುದ್ರ ಮಟ್ಟದಿಂದ ಸುಮಾರು 1,700 ಮೀಟರ್ ಮೇಲೆ. ಅಂದರೆ ನಮ್ಮ ಕೆಮ್ಮಣ್ಣುಗುಂಡಿಗಿಂತ ಎತ್ತರ, ಮುಳ್ಳಯ್ಯನಗಿರಿಗಿಂತ ತಗ್ಗು. ಪಕ್ಕದಲ್ಲೇ ಕ್ಲಿಯರ್ ಕ್ರೀಕ್ ಎಂಬ ಹೊಳೆ. ಬಿಯರ್ ಬರುವ ಮೊದಲು ಜನ ಅಲ್ಲಿ ಚಿನ್ನ ಸೋಸುತ್ತಿದ್ದರು.

● 1873ರಲ್ಲಿ ಕಾರ್ಖಾನೆ ಶುರುವಾದಾಗ ಹಾಕಿದ ಬಂಡವಾಳ 20,000 ಡಾಲರ್. ಅದರಲ್ಲಿ ಅಡಾಲ್ಫ್ ಕೂರ್ಸ್ ಹಾಕಿದ್ದು 2,000 ಮಾತ್ರ. ಉಳಿದ 18,000 ಜೇಕಬ್ ಷೂಲರ್ ಎಂಬ ಪಾಲುದಾರನದು. 1880ರಲ್ಲಿ ಕೂರ್ಸ್ ಆತನ ಪಾಲನ್ನೂ ಕೊಂಡುಬಿಟ್ಟ. ಷೂಲರ್ ಹೆಸರು ಇವತ್ತು ಯಾವ ಡಬ್ಬಿಯ ಮೇಲೂ ಇಲ್ಲ.

● ಅಮೆರಿಕ ಪೂರ್ತಿ ಪಾನನಿಷೇಧಕ್ಕೆ ಒಳಗಾದದ್ದು 1920ರಲ್ಲಿ. ಕೊಲರಾಡೊ ಅದಕ್ಕೂ ನಾಲ್ಕು ವರ್ಷ ಮುಂಚೆ, 1916ರ ಜನವರಿ 1ರಂದೇ ಬಾಗಿಲು ಹಾಕಿಸಿತು. ಗೋಲ್ಡನ್‌ನಲ್ಲಿ ಉಳಿದಿದ್ದ ಬಿಯರೆಲ್ಲ ಕ್ಲಿಯರ್ ಕ್ರೀಕ್ ಪಾಲಾಯಿತು. 17 ವರ್ಷ ಬಿಯರ್ ಇಲ್ಲದ ಬಿಯರ್ ಕಂಪನಿ ಬದುಕಿದ್ದು ಮಾಲ್ಟ್ ಹಾಲಿನ ಪುಡಿಯಿಂದ ಮತ್ತು ಪಿಂಗಾಣಿಯಿಂದ. ಪುಡಿ ಮಿಠಾಯಿ ತಯಾರಕರಿಗೆ ಹೋಗುತ್ತಿತ್ತು. ಮಾರ್ಸ್ ಕಂಪನಿ ಅದರ ದೊಡ್ಡ ಗಿರಾಕಿ.

● ಪಿಂಗಾಣಿ ಅಂದೆನಲ್ಲ, ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬರ್ನರ್ ಮೇಲಿಟ್ಟು ಕಾಯಿಸುವ ಬಿಳಿ ಕ್ರೂಸಿಬಲ್ ನೆನಪಿದೆಯೇ? ಅಮೆರಿಕದ ಲ್ಯಾಬುಗಳಲ್ಲಿ ಅಂಥ ಎಷ್ಟೋ ಕ್ರೂಸಿಬಲ್ಲುಗಳ ಮೇಲೆ ಕೂರ್ಸ್ ಎಂಬ ಮುದ್ರೆ ಇರುತ್ತದೆ. ಅದೇ ಮನೆತನ, ಅದೇ ಊರು. ಬಿಯರ್ ಮುಟ್ಟದ ಮೇಷ್ಟರುಗಳೂ ಕೂರ್ಸ್ ಮುಟ್ಟಿದ್ದಾರೆ.

● ಇಡೀ ಕಥೆಯ ಗಂಟು ಇರುವುದು 1959ರಲ್ಲಿ. ಆ ವರ್ಷ ಕೂರ್ಸ್ ಎರಡು ಕೆಲಸ ಮಾಡಿತು. ಒಂದು, ಬಿಲ್ ಕೂರ್ಸ್ ಮುಂದಾಳತ್ವದಲ್ಲಿ ಅಲ್ಯೂಮಿನಿಯಂ ಡಬ್ಬಿ ತಂದಿತು. ಅಲ್ಲಿಯವರೆಗೆ ಬಿಯರ್ ಡಬ್ಬಿ ಅಂದರೆ ಹೆಚ್ಚಾಗಿ ಭಾರದ ತಗಡು. ಖಾಲಿ ಡಬ್ಬಿ ವಾಪಸು ತಂದವರಿಗೆ ಒಂದೊಂದಕ್ಕೆ ಒಂದು ಸೆಂಟ್ ಕೊಟ್ಟರು. ಹೈವೇ ಬದಿಯ ಕಸದಲ್ಲಿ ಮಕ್ಕಳಿಗೆ ಪಾಕೆಟ್ ಮನಿ ಸಿಕ್ಕಿತು. (ಬಿಲ್ ಕೂರ್ಸ್ 2018ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.)

● ಎರಡನೆಯದು ಇನ್ನೂ ಮುಖ್ಯ. ಸಾಮಾನ್ಯವಾಗಿ ಬಾಟಲಿಗೆ ತುಂಬಿದ ಬಿಯರನ್ನು ಬಿಸಿನೀರಿನ ತುಂತುರಿನ ಕೆಳಗೆ ಸಾಗಿಸಿ, ಕೆಲವು ನಿಮಿಷ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಒಳಗೆ ಉಳಿದ ಯೀಸ್ಟು, ಬ್ಯಾಕ್ಟೀರಿಯಾ ಎಲ್ಲ ಸಾಯುತ್ತವೆ. ಆಮೇಲೆ ಅದು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತರೂ ಹುಳಿಯುವುದಿಲ್ಲ. ಇದೇ ಪಾಶ್ಚರೀಕರಣ. ಕೂರ್ಸ್ ಇದನ್ನು ಕೈಬಿಟ್ಟಿತು. ಬಿಸಿ ಮಾಡಿದರೆ ರುಚಿ ಸ್ವಲ್ಪ ಬೆಂದಂತಾಗುತ್ತದೆ ಎಂಬುದು ಅವರ ವಾದ. ಬದಲಿಗೆ ತಣ್ಣಗಿರುವಾಗಲೇ ಬಹು ಸೂಕ್ಷ್ಮವಾದ ಫಿಲ್ಟರುಗಳಲ್ಲಿ ಸೋಸಿ ಸೂಕ್ಷ್ಮಜೀವಿಗಳನ್ನು ತೆಗೆದರು. ಇದಕ್ಕೆ ಬೆಲೆ ತೆರಬೇಕಿತ್ತು. ಗೋಲ್ಡನ್ ಬಿಟ್ಟ ಬಿಯರ್ ಕುಡಿಯುವವನ ಕೈ ಸೇರುವ ತನಕ ತಣ್ಣಗೇ ಇರಬೇಕು. ರೈಲು ವ್ಯಾಗನ್ ತಣ್ಣಗೆ, ಲಾರಿ ತಣ್ಣಗೆ, ಗೋದಾಮು ತಣ್ಣಗೆ. ಮಾರಾಟವಾಗದೆ ಹಳತಾದ ಸರಕನ್ನು ವಿತರಕರು ವಾಪಸು ತೆಗೆಯಬೇಕು. ಕಾರ್ಖಾನೆ ಇದ್ದದ್ದು ಒಂದೇ. ಅಲ್ಲಿಂದ ನ್ಯೂಯಾರ್ಕಿಗೆ ಹೀಗೆ ಸಾಗಿಸುವುದು ಹುಡುಗಾಟವಲ್ಲ.

● ಹಾಗಾಗಿ ಪೂರ್ವದವರಿಗೆ ಕೂರ್ಸ್ ಸಿಗಲಿಲ್ಲ. ಸಿಗದ್ದರಿಂದ ಆಸೆ ಹುಟ್ಟಿತು. ಕಂಪನಿ ಆಗ ಜಾಹೀರಾತಿಗೆ ಖರ್ಚು ಮಾಡುತ್ತಿದ್ದುದೂ ಕಡಿಮೆ. ಪಶ್ಚಿಮಕ್ಕೆ ರಜೆಗೆ ಹೋದವರು, ಅಲ್ಲಿಂದ ಊರಿಗೆ ಮರಳಿದ ಸೈನಿಕರು, ವಿದ್ಯಾರ್ಥಿಗಳು ಕಾರಿನ ಡಿಕ್ಕಿಯಲ್ಲಿ ಕೇಸುಗಟ್ಟಲೆ ತಂದು ನೆಂಟರಿಷ್ಟರಿಗೆ ಹಂಚಿದರು. ಪುಕ್ಕಟೆ ಪ್ರಚಾರ.

● ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕೂಡ ಈ ಸಾಗಾಟದಲ್ಲಿ ಸೇರಿದ್ದರು. ಸ್ಕೀಯಿಂಗ್‌ಗೆ ಕೊಲರಾಡೊದ ವೇಲ್‌ಗೆ ಹೋದಾಗ ವಾಪಸಾಗುವ ವಿಮಾನದಲ್ಲಿ ಕೂರ್ಸ್ ಬರುತ್ತಿತ್ತು. ಟೈಮ್ ಪತ್ರಿಕೆ 1974ರಲ್ಲೇ ಈ ಹುಚ್ಚಿನ ಬಗ್ಗೆ ಬರೆದಿತ್ತು.

● 1977ರ 'ಸ್ಮೋಕಿ ಅಂಡ್ ದಿ ಬ್ಯಾಂಡಿಟ್' ಸಿನಿಮಾ ನೋಡಿದ್ದೀರಾ? ಕಥೆ ಇಷ್ಟೇ: ಟೆಕ್ಸಸ್‌ನ ಟೆಕ್ಸಾರ್ಕಾನಾಗೆ ಹೋಗಿ 400 ಕೇಸ್ ಕೂರ್ಸ್ ಲಾರಿಗೆ ತುಂಬಿಕೊಂಡು 28 ಗಂಟೆಯೊಳಗೆ ಅಟ್ಲಾಂಟಾಗೆ ವಾಪಸು ಬರಬೇಕು. ಪೊಲೀಸ್ ಬೆನ್ನು ಹತ್ತಿರುತ್ತಾನೆ. ಬರ್ಟ್ ರೆನಾಲ್ಡ್ಸ್ ನಾಯಕ. 'ಸ್ಟಾರ್ ವಾರ್ಸ್' ಬಂದ ವರ್ಷದಲ್ಲೇ ಬಂದು, ಅದರ ಎದುರಲ್ಲೂ ಭರ್ಜರಿ ದುಡ್ಡು ಮಾಡಿದ ಚಿತ್ರ.

● ಕಥೆ ಹೊಳೆದದ್ದು ಹೋಟೆಲ್ ಫ್ರಿಜ್ಜಿನಿಂದ. ನಿರ್ದೇಶಕ ಹಾಲ್ ನೀಡಮ್ ಮೂಲತಃ ಸ್ಟಂಟ್‌ಮನ್. ಜಾರ್ಜಿಯಾದಲ್ಲಿ ಬೇರೊಂದು ಚಿತ್ರದ ಶೂಟಿಂಗಿನಲ್ಲಿದ್ದಾಗ ಯಾರೋ ಕ್ಯಾಲಿಫೋರ್ನಿಯಾದಿಂದ ಕೂರ್ಸ್ ತಂದುಕೊಟ್ಟರು. ಫ್ರಿಜ್ಜಿನಲ್ಲಿಟ್ಟರೆ ದಿನಾ ಒಂದೆರಡು ಮಾಯ. ರೂಮು ಗುಡಿಸಲು ಬರುತ್ತಿದ್ದವರೇ ಎತ್ತಿಕೊಂಡು ಹೋಗುತ್ತಿದ್ದರಂತೆ. ಕದಿಯುವಷ್ಟು ಬೆಲೆ ಈ ಬಿಯರಿಗಿದೆಯೇ ಎಂದು ಯೋಚಿಸಿದವನಿಗೆ ಸಿನಿಮಾ ಸಿಕ್ಕಿತು.

● ಈಗ ತಮಾಷೆ ನೋಡಿ. ತಣ್ಣಗಿಟ್ಟರೆ ಮಾತ್ರ ಚೆಂದ ಎಂಬ ಕಾರಣಕ್ಕೇ ಪೂರ್ವಕ್ಕೆ ಹೋಗದ ಬಿಯರು, ಡಿಕ್ಕಿಯಲ್ಲೋ ಮಾಮೂಲಿ ಲಾರಿಯಲ್ಲೋ ದಕ್ಷಿಣದ ಬೇಸಿಗೆಯಲ್ಲಿ ಬೆಂದುಕೊಂಡು ಪೂರ್ವಕ್ಕೆ ಬರುತ್ತಿತ್ತು. ಶಾಖ ಹೆಚ್ಚಿದಷ್ಟೂ ಬಿಯರ್ ಬೇಗ ಮುದಿಯಾಗುತ್ತದೆ. ಒದ್ದೆ ರಟ್ಟಿನಂಥ ವಾಸನೆ ಬರುತ್ತದೆ. ಅಂದರೆ ಕೂರ್ಸ್ ಬಗ್ಗೆ ಅತಿ ಹೆಚ್ಚು ಹೊಗಳಿದವರಲ್ಲಿ ಎಷ್ಟೋ ಜನ ಕುಡಿದದ್ದು ಕೆಟ್ಟ ಕೂರ್ಸ್. ನನ್ನ ಪ್ರಕಾರ ಹವಾ ಎಂಬುದರ ಅಸಲಿ ಪುರಾವೆ ಇದೇ.

● ವಿತರಕರು ಎಲ್ಲಿ ಮಾರಬೇಕು, ಎಷ್ಟಕ್ಕೆ ಮಾರಬೇಕು ಎಂದು ಕಂಪನಿ ಹಾಕುತ್ತಿದ್ದ ಕಟ್ಟಳೆಗಳ ಮೇಲೆ ಅಮೆರಿಕದ ಕೇಂದ್ರ ವ್ಯಾಪಾರ ಆಯೋಗ ಕೇಸು ಹಾಕಿತು. 1974ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಕಂಪನಿ ಸೋತಿತು.

● 1975ರಲ್ಲಿ ಮೊದಲ ಬಾರಿಗೆ ಷೇರು ಮಾರಿದರು. ಕೊಂಡವರಿಗೆ ಮತದ ಹಕ್ಕು ಇಲ್ಲ! ಲಗಾಮು ಮನೆತನದ ಕೈಯಲ್ಲೇ ಉಳಿಯಿತು.

● ಎಲ್ಲರೂ ಕೂರ್ಸ್‌ಗೆ ಹಾತೊರೆಯುತ್ತಿರಲಿಲ್ಲ. ಮೆಕ್ಸಿಕನ್ ಮೂಲದವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದರಲ್ಲಿ ತಾರತಮ್ಯವಿದೆ ಎಂದು 1960ರ ದಶಕದಲ್ಲೇ ಬಹಿಷ್ಕಾರ ಶುರುವಾಗಿತ್ತು. 70ರ ದಶಕದ ನಡುವಿಗೆ ಸ್ಯಾನ್ ಫ್ರಾನ್ಸಿಸ್ಕೋದ ಗೇ ಬಾರುಗಳು, ಗೇ ಹಕ್ಕುಗಳ ಹೋರಾಟಗಾರ ಹಾರ್ವೆ ಮಿಲ್ಕ್ ಬೆಂಬಲದೊಂದಿಗೆ, ಕೂರ್ಸ್ ಇಡುವುದನ್ನೇ ನಿಲ್ಲಿಸಿದವು. ಅಲ್ಲಿ ಲಾರಿ ಚಾಲಕರ ಯೂನಿಯನ್ನೂ ಗೇ ಸಮುದಾಯವೂ ಕೈಜೋಡಿಸಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ. 1977ರಲ್ಲಿ ಕಾರ್ಖಾನೆಯ ಕಾರ್ಮಿಕರೇ ಮುಷ್ಕರ ಹೂಡಿದರು. ನೌಕರಿಗೆ ಬರುವವರನ್ನು ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸುತ್ತಿದ್ದುದು ಅವರ ಸಿಟ್ಟಿಗೆ ಒಂದು ಕಾರಣ. ಅವರ ಬೆಂಬಲಕ್ಕೆ ಅಮೆರಿಕದ ಕಾರ್ಮಿಕ ಮಹಾಮಂಡಲ ಹೂಡಿದ ಬಹಿಷ್ಕಾರ ಮುಗಿದದ್ದು 1987ರಲ್ಲಿ. ಸಿನಿಮಾದಲ್ಲಿ ಲಾರಿ ಡ್ರೈವರ್ ಜೀವ ಪಣಕ್ಕಿಟ್ಟು ತರುವ ಬಿಯರನ್ನು, ಆ 70ರ ದಶಕದಲ್ಲೇ ನಿಜವಾದ ಲಾರಿ ಡ್ರೈವರುಗಳ ಯೂನಿಯನ್ ಮುಟ್ಟಬೇಡಿ ಎನ್ನುತ್ತಿತ್ತು.

● 1981ರಲ್ಲಿ ಕೂರ್ಸ್ ಕೊನೆಗೂ ಅಧಿಕೃತವಾಗಿ ಮಿಸಿಸಿಪ್ಪಿ ನದಿ ದಾಟಿತು. 1991ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಲಭ್ಯ. ಅಲ್ಲಿಗೆ ಕದಿಯುವವರೂ ಇಲ್ಲ, ವಿಮಾನದಲ್ಲಿ ತರುವವರೂ ಇಲ್ಲ.

● ರಾಕಿ ಪರ್ವತದ ಬುಗ್ಗೆ ನೀರಿನಿಂದ ಮಾಡಿದ್ದು ಎಂಬುದು ಅವರ ಹಳೆಯ ಹೆಗ್ಗಳಿಕೆ. ಆದರೆ ಈಶಾನ್ಯದ ರಾಜ್ಯಗಳಿಗೆ ಹೋಗುತ್ತಿದ್ದ ಕೂರ್ಸ್ ಲೈಟನ್ನು ಗೋಲ್ಡನ್‌ನಲ್ಲಿ ಗಟ್ಟಿಯಾಗಿ ತಯಾರಿಸಿ, ವರ್ಜೀನಿಯಾಕ್ಕೆ ಸಾಗಿಸಿ, ಅಲ್ಲಿಯ ನೀರು ಬೆರೆಸಿ ತುಂಬುತ್ತಿದ್ದರು. ಬಡ್‌ವೈಸರ್ ಕಂಪನಿ ಇದನ್ನೇ ಜಾಹೀರಾತಿನಲ್ಲಿ ಆಡಿಕೊಂಡಿತು. 1992ರಲ್ಲಿ ವಿಷಯ ಕೋರ್ಟು ಮೆಟ್ಟಿಲೇರಿತು.

● ಸರಿ, ಕುಡಿಯಲು ಹೇಗಿದೆ? ತಿಳಿ ಹೊಂಬಣ್ಣ, 5 ಶೇಕಡಾ ಆಲ್ಕೋಹಾಲು, ಕಹಿ ಕಡಿಮೆ, ಧಾನ್ಯದ ಮೆಲು ಸಿಹಿ, ಹಿಂದಿನಿಂದ ಮಾಗಿದ ಹಣ್ಣಿನ ಸಣ್ಣ ವಾಸನೆ. ಸ್ಟ್ರಾಂಗ್ ಬಿಯರಿಗೆ ಒಗ್ಗಿದ ನಮ್ಮ ಬಾಯಿಗೆ ಸಪ್ಪೆ ಅನ್ನಿಸಬಹುದು. ಬಿಸಿಲಲ್ಲಿ ಕೆಲಸ ಮುಗಿಸಿ ಬಂದವನಿಗೆ ಹದವಾದ ಬಿಯರ್. ಚೆನ್ನಾಗಿದೆ. ಆದರೆ 28 ಗಂಟೆ ಲಾರಿ ಓಡಿಸುವಷ್ಟು ಚೆನ್ನಾಗಿಲ್ಲ.

● ಸಪ್ಪೆ ಎಂದು ಬೈಯುವ ಮುನ್ನ ಒಂದು ಮಾತು. ಇಂಥ ತೆಳು ಲಾಗರ್ ಮಾಡುವುದು ಸುಲಭವಲ್ಲ. ಕಹಿ, ಕಪ್ಪು ಬಿಯರಿನಲ್ಲಿ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಇದರಲ್ಲಿ ಮರೆಯೇ ಇಲ್ಲ. ಯೀಸ್ಟು ಕೆಲಸ ಮುಗಿಸುವ ಮುಂಚೆ ಅವಸರ ಮಾಡಿದರೆ ಡೈಅಸಿಟೈಲ್ ಉಳಿದು ಬೆಣ್ಣೆ ವಾಸನೆ ಹೊಡೆಯುತ್ತದೆ. ಅದಕ್ಕೆಂದೇ ಹುದುಗು ಮುಗಿಯುವ ಹೊತ್ತಿಗೆ ತೊಟ್ಟಿಯನ್ನು ಸ್ವಲ್ಪ ಬೆಚ್ಚಗೆ ಬಿಟ್ಟು, ಯೀಸ್ಟು ಅದನ್ನು ತಾನೇ ತಿಂದು ತೀರಿಸುವ ತನಕ ಕಾಯುತ್ತಾರೆ. ಆಮೇಲೆ ವಾರಗಟ್ಟಲೆ ಶೀತದಲ್ಲಿ ಕೂರಿಸುವುದು.

● ಲಾಗರ್ ಯೀಸ್ಟು ಬೆರಕೆ ತಳಿ. ಅದರ ಒಬ್ಬ ಪೂರ್ವಜ ಯಾರೆಂದು ಬಹಳ ಕಾಲ ಗೊತ್ತಿರಲಿಲ್ಲ. 2011ರಲ್ಲಿ ಅದೇ ಜಾತಿಯ ಕಾಡು ಯೀಸ್ಟು ಸಿಕ್ಕಿದ್ದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಬೀಚ್ ಮರಗಳ ಗಂಟುಗಳಲ್ಲಿ.

● ತನ್ನ ಬ್ರ್ಯಾಂಡಿನ ರುಚಿಯೇ ಬೇರೆ ಎನ್ನುವವರಿಗೆ: 1964ರಲ್ಲಿ ಆಲಿಸನ್ ಮತ್ತು ಊಲ್ ಎಂಬ ಸಂಶೋಧಕರು ಬಿಯರ್ ಕುಡಿಯುವವರ ಮನೆಗೆ ಲೇಬಲ್ ಕಿತ್ತ ಬಾಟಲಿಗಳನ್ನು ಕಳಿಸಿದರು. ತಮ್ಮ ಮೆಚ್ಚಿನ ಬ್ರ್ಯಾಂಡ್ ಯಾವುದೆಂದು ಒಟ್ಟಾರೆ ಯಾರಿಗೂ ಗುರುತು ಹತ್ತಲಿಲ್ಲ. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅಂಕ. ಮುಂದೆ ಲೇಬಲ್ ಹಚ್ಚಿ ಕಳಿಸಿದಾಗ ಅಂಕಗಳು ಏರಿದವು, ತಮ್ಮ ಬ್ರ್ಯಾಂಡಿಗಂತೂ ಇನ್ನೂ ಹೆಚ್ಚು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹೈನೆಕೆನ್, ಸ್ಟೆಲ್ಲಾ ಆರ್ಟ್ವಾ ಮತ್ತು ಚೆಕ್ ಬಡ್‌ವೈಸರ್ ಇಟ್ಟು ನೋಡಿದರು. ಅಲ್ಲೂ ಅದೇ ಕಥೆ.

● ನೀವೇ ಮಾಡಿ ನೋಡಬಹುದು. ಒಂದೇ ತರದ ಮೂರು ಲೋಟ. ಎರಡರಲ್ಲಿ ಒಂದು ಬಿಯರ್, ಮೂರನೆಯದರಲ್ಲಿ ಇನ್ನೊಂದು. ಸುರಿಯುವವರು ಬೇರೆ, ಕುಡಿಯುವವರು ಬೇರೆ. ಬೇರೆಯದು ಯಾವುದು ಎಂದು ಹೇಳಬೇಕು, ಅಷ್ಟೇ. ಬರೀ ಊಹೆಯಿಂದಲೇ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಮ್ಮೆ ಗೆದ್ದು ಮೀಸೆ ತಿರುವಬೇಡಿ. ಬಿಯರ್ ಉದ್ಯಮದವರು ಈ ತ್ರಿಕೋನ ಪರೀಕ್ಷೆಯನ್ನು 1940ರ ದಶಕದಿಂದ ಬಳಸುತ್ತಿದ್ದಾರೆ. ಕಾರ್ಲ್ಸ್‌ಬರ್ಗ್‌ನವರು ಅದರಲ್ಲಿ ಮೊದಲಿಗರು.

● ಪರೀಕ್ಷೆಗೆ ಐಸಿನಂತೆ ತಣ್ಣಗಿಡಬೇಡಿ. ನಾಲಿಗೆಯಲ್ಲಿ ಸಿಹಿ, ಕಹಿ ಗ್ರಹಿಸಲು ನೆರವಾಗುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ ಶೀತದಲ್ಲಿ ಮಂಕಾಗುತ್ತದೆ. ಎಂಆರ್‌ಪಿ ಅಂಗಡಿಯಲ್ಲಿ 'ಚಿಲ್ಡ್ ಇದೆಯಾ?' ಎಂದು ಕೇಳುವವರು ರುಚಿ ಕೇಳುತ್ತಿಲ್ಲ. ಇದನ್ನು ಚೆನ್ನಾಗಿ ಅರಿತದ್ದೂ ಕೂರ್ಸೇ: ಕೂರ್ಸ್ ಲೈಟ್ ಡಬ್ಬಿಯ ಮೇಲಿರುವ ಪರ್ವತದ ಚಿತ್ರ ಸಾಕಷ್ಟು ತಣ್ಣಗಾದರೆ ನೀಲಿಗೆ ತಿರುಗುತ್ತದೆ. ಶಾಖಕ್ಕೆ ಬಣ್ಣ ಬದಲಿಸುವ ಶಾಯಿಯ ಆಟ. ರುಚಿಯ ಬದಲು ತಂಪನ್ನೇ ಮಾರಿದ ಜಾಣತನ ಅದು.

● ಕೂರ್ಸ್ ಲೈಟ್ ಬಂದದ್ದು 1978ರಲ್ಲಿ. ಅಣ್ಣನಾದ ಬ್ಯಾಂಕ್ವೆಟ್ಟನ್ನು ಮಾರಾಟದಲ್ಲಿ ಎಂದೋ ಹಿಂದೆ ಹಾಕಿತು. ಆದರೂ ಇತ್ತೀಚೆಗೆ ಬ್ಯಾಂಕ್ವೆಟ್ ಮತ್ತೆ ಚಿಗುರಿದೆ. 'ಯೆಲ್ಲೋಸ್ಟೋನ್' ಧಾರಾವಾಹಿಯ ಕೌಬಾಯ್‌ಗಳು ಅದನ್ನೇ ಕುಡಿಯುತ್ತಾರೆ. ಸಿನಿಮಾದಿಂದ ಬೆಳೆದದ್ದಕ್ಕೆ ಟಿವಿ ನೀರೆರೆಯಿತು.

● 2019ರಲ್ಲಿ ಬಡ್ ಲೈಟ್ ಜಾಹೀರಾತು ಕೂರ್ಸ್ ಲೈಟ್‌ಗೆ ಜೋಳದ ಸಿರಪ್ ಹಾಕುತ್ತಾರೆಂದು ಹಂಗಿಸಿತು. ನಿಜವೇ, ಹಾಕುತ್ತಾರೆ. ಹುದುಗುವಾಗ ಯೀಸ್ಟು ಆ ಸಕ್ಕರೆಯನ್ನು ತಿಂದು ಮುಗಿಸುತ್ತದೆ. ಬಡ್ ಲೈಟ್‌ಗೆ ಅಕ್ಕಿ ಹಾಕುತ್ತಾರೆ. ಇಬ್ಬರ ಉದ್ದೇಶವೂ ಒಂದೇ: ಬಿಯರ್ ತೆಳುವಾಗಬೇಕು.

● ಡೆನ್ವರ್‌ನ ಬೇಸ್‌ಬಾಲ್ ಕ್ರೀಡಾಂಗಣ ಕೂರ್ಸ್ ಫೀಲ್ಡ್. ಎತ್ತರದ ಒಣ, ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದೆಂದು 2002ರಿಂದ ಚೆಂಡುಗಳನ್ನು ತೇವಾಂಶದ ಕೋಣೆಯಲ್ಲಿಡುತ್ತಾರೆ. ಕಿತ್ತಳೆ ಹೋಳು ಸಿಕ್ಕಿಸಿ ಕೊಡುವ ಬ್ಲೂ ಮೂನ್ ಬಿಯರ್ ಹುಟ್ಟಿದ್ದೂ ಇದೇ ಕ್ರೀಡಾಂಗಣದೊಳಗಿನ ಪುಟ್ಟ ಬ್ರೂವರಿಯಲ್ಲಿ, 1995ರಲ್ಲಿ.

● ಬೆಂಗಳೂರಿಗೂ ಒಂದು ನಂಟಿದೆ. ಬ್ರಿಟನ್ನಿನ ಕರಿ ಹೋಟೆಲುಗಳಲ್ಲಿ ಹೆಸರಾದ ಕೋಬ್ರಾ ಬಿಯರನ್ನು ಹೈದರಾಬಾದಿನಲ್ಲಿ ಹುಟ್ಟಿದ ಕರಣ್ ಬಿಲಿಮೋರಿಯಾ ಶುರುಮಾಡಿದ್ದು 1989ರಲ್ಲಿ. ಮೊದಮೊದಲು ಅದು ತಯಾರಾಗುತ್ತಿದ್ದುದು ಬೆಂಗಳೂರಿನ ಮೈಸೂರು ಬ್ರೂವರೀಸ್‌ನಲ್ಲಿ. ಇಲ್ಲಿಂದ ಹಡಗಿನಲ್ಲಿ ಇಂಗ್ಲೆಂಡಿಗೆ. ಅತ್ತ ಕೂರ್ಸ್ 2005ರಲ್ಲಿ ಕೆನಡಾದ ಮೋಲ್ಸನ್ ಜತೆ ಸೇರಿ ಮೋಲ್ಸನ್ ಕೂರ್ಸ್ ಆಯಿತು. 2009ರಲ್ಲಿ ಕೋಬ್ರಾದ 50.1 ಶೇಕಡಾ ಪಾಲನ್ನು ಕೊಂಡದ್ದು ಅದೇ ಕಂಪನಿ.