ಶುಶ್ರೂಷಕಿಯರ ಕೌಶಲ ಪರೀಕ್ಷೆ: ಸಿದ್ಧತೆಯ ಕ್ರಮ ಮತ್ತು ಗ್ರಾಮ ಪಂಚಾಯಿತಿಯ ಸಹಕಾರ

ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿಯು ತರಬೇತಿ ಅಥವಾ ಪರೀಕ್ಷೆಯ ನಿಮಿತ್ತ ಕೇಂದ್ರದಿಂದ ಹೊರಗಿದ್ದಾಗ, ‘ಆಸ್ಪತ್ರೆಯಲ್ಲಿ ಸಿಸ್ಟರ್ ಇಲ್ಲ’ ಎಂಬ ದೂರು ಮೊದಲು ಗ್ರಾಮ ಪಂಚಾಯಿತಿ ಸದಸ್ಯರನ್ನೇ ತಲುಪುತ್ತದೆ. ಹಲವು ವರ್ಷ ಸೇವೆ ಸಲ್ಲಿಸಿದವರಿಗೆ ಮತ್ತೆ ಪರೀಕ್ಷೆ ಏಕೆ ಎಂಬ ಪ್ರಶ್ನೆಯೂ ಏಳುತ್ತದೆ. ಈ ಪರೀಕ್ಷೆಯ ಸ್ವರೂಪ, ಕರ್ತವ್ಯದ ನಡುವೆ ಅದಕ್ಕೆ ಸಿದ್ಧರಾಗುವ ಕ್ರಮ ಹಾಗೂ ಸದಸ್ಯರು ನೀಡಬಹುದಾದ ಸಹಕಾರವನ್ನು ಇಲ್ಲಿ ವಿವರಿಸಲಾಗಿದೆ.

1. ಪರೀಕ್ಷೆಯ ಸ್ವರೂಪ

ಈ ಪದ್ಧತಿಗೆ ‘ಆಬ್ಜೆಕ್ಟಿವ್ ಸ್ಟ್ರಕ್ಚರ್ಡ್ ಕ್ಲಿನಿಕಲ್ ಎಕ್ಸಾಮಿನೇಷನ್’, ಸಂಕ್ಷಿಪ್ತವಾಗಿ ‘ಓಸ್ಕಿ’ ಎಂದು ಹೆಸರು. ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಈ ಕ್ರಮವು 1975ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 2015ರಲ್ಲಿ ಆರಂಭವಾದ ‘ದಕ್ಷತಾ’ ಮತ್ತು 2017ರ ಡಿಸೆಂಬರ್‌ನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮಗಳಲ್ಲಿ ಹೆರಿಗೆ ಕೊಠಡಿಯ ಸಿಬ್ಬಂದಿಯ ಕೌಶಲವನ್ನು ಅಳೆಯಲು ಇದನ್ನು ಬಳಸಲಾಗುತ್ತಿದೆ.

ಇಲ್ಲಿ ಉತ್ತರ ಪತ್ರಿಕೆ ಬರೆಯುವುದಿಲ್ಲ. ಸಾಲಾಗಿ ಹಲವು ಮೇಜುಗಳಿರುತ್ತವೆ. ಪ್ರತಿ ಮೇಜಿನಲ್ಲಿ ಒಂದು ಕೆಲಸ ಮತ್ತು ಅದಕ್ಕೆ ಕೆಲವೇ ನಿಮಿಷಗಳ ಅವಧಿ. ಒಂದೆಡೆ ರಕ್ತದೊತ್ತಡ ಅಳೆಯಬೇಕು, ಇನ್ನೊಂದೆಡೆ ಉಸಿರಾಡದ ಶಿಶುವಿನ ಗೊಂಬೆಗೆ ಉಸಿರು ನೀಡಬೇಕು. ಪರೀಕ್ಷಕರು ಮಾತನಾಡದೆ, ಪಟ್ಟಿಯಲ್ಲಿರುವ ಪ್ರತಿ ಹಂತಕ್ಕೂ ಗುರುತು ಹಾಕುತ್ತಾರೆ. ಮಾಡದ ಹಂತಕ್ಕೆ ಅಂಕವಿಲ್ಲ.

2. ಅನುಭವಿಗಳೂ ಎಡವುವುದೇಕೆ

ದಿನನಿತ್ಯದ ಒತ್ತಡದಲ್ಲಿ ಕೆಲಸವು ಕ್ರಮೇಣ ಸಂಕ್ಷಿಪ್ತಗೊಳ್ಳುತ್ತದೆ. 40 ರಿಂದ 60 ಸೆಕೆಂಡು ನಡೆಯಬೇಕಾದ ಕೈತೊಳೆಯುವಿಕೆ ಹತ್ತು ಸೆಕೆಂಡಿಗೆ ಇಳಿಯುತ್ತದೆ. ಹೆರಿಗೆಯಾದ ಒಂದು ನಿಮಿಷದೊಳಗೆ, ಗರ್ಭದಲ್ಲಿ ಇನ್ನೊಂದು ಶಿಶುವಿಲ್ಲವೆಂದು ಖಚಿತಪಡಿಸಿಕೊಂಡು, ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ನೀಡಬೇಕು. ಅದನ್ನು ಮೊದಲೇ ಸಿರಿಂಜಿಗೆ ತುಂಬಿಟ್ಟುಕೊಳ್ಳದಿದ್ದರೆ ಆ ನಿಮಿಷ ಕೈತಪ್ಪುತ್ತದೆ. ಹೆರಿಗೆಯ ನಂತರದ ಅತಿ ರಕ್ತಸ್ರಾವವು ತಾಯಂದಿರ ಮರಣದ ಪ್ರಮುಖ ಕಾರಣವಾಗಿರುವುದರಿಂದ ಇದು ಕೇವಲ ಅಂಕದ ವಿಷಯವಲ್ಲ.

ಎರಡನೆಯ ಕಾರಣ, ಕೆಲವು ಸಂದರ್ಭಗಳ ವಿರಳತೆ. ನೂರು ನವಜಾತ ಶಿಶುಗಳಲ್ಲಿ ಸುಮಾರು 3 ರಿಂದ 6 ಶಿಶುಗಳಿಗೆ ಮಾತ್ರ ಬ್ಯಾಗ್ ಮತ್ತು ಮಾಸ್ಕ್ ಮೂಲಕ ಉಸಿರು ನೀಡಬೇಕಾಗುತ್ತದೆ. ತಿಂಗಳಿಗೆ ಐದು ಹೆರಿಗೆಗಳಾಗುವ ಕೇಂದ್ರದಲ್ಲಿ ಇಂತಹ ಸಂದರ್ಭ ವರ್ಷಕ್ಕೆ ಎರಡು ಮೂರು ಬಾರಿ ಬರಬಹುದು. ಆಗ ಕರ್ತವ್ಯದಲ್ಲಿರುವವರು ಯಾರೋ ಒಬ್ಬರು. ಹೀಗಾಗಿ ಕೆಲಸದಿಂದಲೇ ಈ ಕೈ ಪಳಗುವುದಿಲ್ಲ, ಅಭ್ಯಾಸದಿಂದ ಪಳಗಬೇಕು.

3. ಕರ್ತವ್ಯದ ನಡುವೆ ಸಿದ್ಧತೆ

ಅ) ದಿನಕ್ಕೆ ಒಂದೇ ಕೌಶಲ. ಪಾಳಿ ಬದಲಾಗುವ ವೇಳೆಯಲ್ಲಿ ಹದಿನೈದು ನಿಮಿಷ ಸಾಕು. ರಾತ್ರಿ ಪಾಳಿ ಮುಗಿಸಿ ದಣಿದವರು ಗಂಟೆಗಟ್ಟಲೆ ಓದುವುದಕ್ಕಿಂತ ಇದು ಫಲಕಾರಿ.

ಆ) ಇಬ್ಬರು ಸೇರಿ ಅಭ್ಯಾಸ. ಒಬ್ಬರು ಮಾಡುವಾಗ ಇನ್ನೊಬ್ಬರು ಪಟ್ಟಿ ಹಿಡಿದು ಗುರುತು ಹಾಕಬೇಕು, ನಡುವೆ ನೆನಪಿಸಬಾರದು. ಬಿಟ್ಟುಹೋದ ಹಂತವನ್ನು ಕೊನೆಯಲ್ಲಿ ತಿಳಿಸಿ, ಇಡೀ ಕ್ರಮವನ್ನು ಮೊದಲಿನಿಂದ ಮಾಡಿಸಬೇಕು.

ಇ) ಗಟ್ಟಿಯಾಗಿ ಹೇಳುತ್ತಾ ಮಾಡುವುದು. ‘ಎದೆ ಮೇಲೇಳುತ್ತಿದೆಯೇ ಎಂದು ನೋಡುತ್ತಿದ್ದೇನೆ’ ಎಂದು ಹೇಳಿದಾಗ ಪರೀಕ್ಷಕರಿಗೂ ತಿಳಿಯುತ್ತದೆ, ಹೆರಿಗೆ ಕೊಠಡಿಯಲ್ಲಿ ಜೊತೆಗಿರುವವರಿಗೂ ತಿಳಿಯುತ್ತದೆ. ತಾಯಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯುವುದೂ ಒಂದು ಹಂತವೇ.

ಈ) ಗಡಿಯಾರ. ಒರೆಸಿ, ಬೆನ್ನು ನೇವರಿಸಿದರೂ ಉಸಿರಾಡದ ಶಿಶುವಿಗೆ ಮೊದಲ ನಿಮಿಷದೊಳಗೆ ಮಾಸ್ಕ್ ಮೂಲಕ ಉಸಿರು ಆರಂಭವಾಗಬೇಕು. ನಂತರ ನಿಮಿಷಕ್ಕೆ 40 ರಿಂದ 60 ಬಾರಿ. ಸಮಯ ಅಳೆಯದ ಅಭ್ಯಾಸ ಅರ್ಧ ಅಭ್ಯಾಸ.

4. ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

ಅ) ಶುಶ್ರೂಷಕಿಯು ತರಬೇತಿಯಲ್ಲಿರುವ ದಿನಗಳನ್ನು ಗೈರುಹಾಜರಿ ಎಂದು ಭಾವಿಸದೆ, ಆ ದಿನಗಳ ಬದಲಿ ವ್ಯವಸ್ಥೆಯ ಬಗ್ಗೆ ವೈದ್ಯಾಧಿಕಾರಿಗಳಿಂದ ಮುಂಚಿತವಾಗಿ ಮಾಹಿತಿ ಪಡೆಯುವುದು. ಅದನ್ನು ಆಶಾ ಕಾರ್ಯಕರ್ತೆಯರ ಮೂಲಕ ದಿನ ತುಂಬಿದ ಗರ್ಭಿಣಿಯರ ಮನೆಗಳಿಗೆ ತಲುಪಿಸುವುದು.

ಆ) ಕೇಂದ್ರದಲ್ಲಿ ಅಭ್ಯಾಸದ ಗೊಂಬೆ ಇದೆಯೇ, ಬೀರುವಿನಲ್ಲಿ ಬೀಗ ಹಾಕಿಟ್ಟಿಲ್ಲವೇ ಎಂದು ವಿಚಾರಿಸುವುದು. ಇಲ್ಲದಿದ್ದಲ್ಲಿ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ವಿಷಯವನ್ನು ಮಂಡಿಸುವುದು.

ಇ) ಹೆರಿಗೆ ಕೊಠಡಿಗೆ ನಿರಂತರ ನೀರು ಮತ್ತು ವಿದ್ಯುತ್ ದೊರೆಯುವಂತೆ ನೋಡಿಕೊಳ್ಳುವುದು. ಆಕ್ಸಿಟೋಸಿನ್ 2 ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು; ನಲ್ಲಿಯಲ್ಲಿ ನೀರಿಲ್ಲದೆ ಕೈತೊಳೆಯುವ ಕೌಶಲ ನಿರರ್ಥಕ.

ಈ) ಪರೀಕ್ಷೆಯ ಅಂಕಗಳನ್ನು ಸಭೆಯಲ್ಲಿ ಚರ್ಚೆಗೆ ತಾರದಿರುವುದು. ತಪ್ಪು ಬಯಲಾಗಬೇಕಾದುದು ಗೊಂಬೆಯ ಮುಂದೆ. ಅವಮಾನದ ಭಯವಿದ್ದಲ್ಲಿ ತಪ್ಪುಗಳು ಮುಚ್ಚಿಹೋಗುತ್ತವೆ, ತಿದ್ದಿಕೊಳ್ಳುವುದಿಲ್ಲ.

ನಡುರಾತ್ರಿ ಹುಟ್ಟಿದ ಮಗು ಅಳದಿದ್ದಾಗ ತಜ್ಞರನ್ನು ಕರೆಸಲು ಸಮಯವಿರುವುದಿಲ್ಲ. ಅಲ್ಲಿರುವುದು ಒಬ್ಬ ಶುಶ್ರೂಷಕಿ ಮತ್ತು ಒಂದು ನಿಮಿಷ. ಆ ನಿಮಿಷದ ಸಿದ್ಧತೆಯೇ ಈ ಪರೀಕ್ಷೆಯಾದ್ದರಿಂದ, ಸದಸ್ಯರು ಈ ವಿಷಯವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ ಚರ್ಚಿಸುವುದು ಸೂಕ್ತ.